ಅಂಟವಾಳದ ಕಲೆ

ಭಾರತೀನಗರದ ಶಾಲೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನನ್ನ ತಾತ ಕಾಲುವೆ ಕೆಲಸದಲ್ಲಿದ್ದಾಗ ಒಬ್ಬ ಬಿಳಿ ಎಂಜಿನಿಯರು ತನ್ನ ದೇಶಕ್ಕೆ ವಾಪಸು ಹೋಗುವಾಗ ಕೊಟ್ಟ ಜೇಬುಗಡಿಯಾರ ನನ್ನ ಪಾಲಿಗೆ ಬಂದಿತ್ತು. ಫ್ರಾನ್ಸಿನದು, ಚಿನ್ನದ್ದು. ಬೆನ್ನ ಮೇಲೆ ಗಾಜಿನಂಥ ನೀಲಿ ಎನಾಮಲ್, ಅದರಲ್ಲಿ ಹೂಬುಟ್ಟಿ ಹಿಡಿದ ಹುಡುಗಿ. ಮಾಡಿದವನು ಬಣ್ಣ ಬಳಿದಾಗಲೆಲ್ಲ ಅದನ್ನು ಕುಲುಮೆಯಲ್ಲಿ ಸುಡಬೇಕಿತ್ತು. ಕೊನೆಯ ಸಲ ಬಿರುಕು ಬಿಟ್ಟರೂ ಅಷ್ಟೂ ಕೆಲಸ ಮಣ್ಣುಪಾಲು. ಮುಖ ಕಾಣದ ಆ ಮನುಷ್ಯನ ಬಗ್ಗೆ ಕ್ಲಾಸಿನಲ್ಲಿ ಗಂಟೆಗಟ್ಟಲೆ ಕೊರೆಯುತ್ತಿದ್ದೆ. ಮನೆಯಲ್ಲಿ ಹೆಂಡತಿಯ ಜೊತೆ ಅಷ್ಟು ಮಾತಾಡಿದವನಲ್ಲ.

ಒಂದು ಗೌರಿಹಬ್ಬದ ಹಿಂದಿನ ದಿನ ಅವಳು ಓಲೆ, ಸರದ ಜೊತೆ ಗಡಿಯಾರವನ್ನೂ ಅಂಟವಾಳದ ನೀರಿನಲ್ಲಿ ನೆನೆಹಾಕಿ ಬ್ರಷ್ಷಿನಿಂದ ತಿಕ್ಕಿಬಿಟ್ಟಳು. ನಾನು ಸ್ಕೂಲಿನಿಂದ ಬಂದಾಗ ಅದು ಒಡವೆಗಳ ಪಕ್ಕ ಟವೆಲಿನ ಮೇಲೆ ಫಳಫಳ ಹೊಳೆಯುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

"ಚಿನ್ನ ಅಲ್ವಾ, ಅಬ್ಬಕ್ಕೆ ತೊಳ್ದೆ ಕಣ್ರೀ" ಅಂದಳು, ನಾನು ಹೊಗಳುತ್ತೇನೆಂದು ಕಾಯುತ್ತ.

"ನಿನ್ ತಲೆ ತೊಳ್ಕೋ ಓಗು! ಇನ್ಮೇಲೆ ಅದ್ನ ಮುಟ್ಟುದ್ರೆ ನೋಡು!"

ಮುಟ್ಟಲಿಲ್ಲ. ಮಳವಳ್ಳಿ ಕಡೆಯ ಹೆಣ್ಣು, ಹಠ ಅಂದರೆ ಹಠ. ಷೋಕೇಸು ಒರೆಸುವಾಗ ಗಡಿಯಾರದಿಂದ ಒಂದು ಬೆರಳು ದೂರ ಬಿಟ್ಟೇ ಒರೆಸುತ್ತಿದ್ದಳು. ಹನ್ನೊಂದು ವರ್ಷ ಅದರ ಸುತ್ತ ದೂಳಿನದೊಂದು ಉಂಗುರ ಇತ್ತು. ನಾನೂ ರಿಪೇರಿ ಮಾಡಿಸದೆ ಬಿಗುಮಾನದಲ್ಲೇ ಇದ್ದೆ. "ಓಗ್ಲಿ ಬುಡು" ಎನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ಮೊನ್ನೆ ಬೆಳಿಗ್ಗೆ ನೋಡಿದರೆ ಷೋಕೇಸಿನ ತುಂಬ ಒಂದೇ ಸಮ ದೂಳು; ಉಂಗುರ ಮಾಯ. ಆ ಮನೆಯಲ್ಲಿ ಒಬ್ಬನೇ ಕೂರಲಾಗಲಿಲ್ಲ. ಗಡಿಯಾರವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮಂಡ್ಯದ ಬಸ್ಸು ಹತ್ತಿದೆ.

ಪೇಟೆಬೀದಿಯ ವಾಚ್ ರಿಪೇರಿಯವನು ನನಗಿಂತ ಹಿರಿಯ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದ. ಒಳಗೆ ಮಾಡಿದವನ ಹೆಸರು, ಅದರ ಕೆಳಗೆ ಸೂಜಿಯಲ್ಲಿ ಗೀರಿದಂಥ ಗುರುತುಗಳು.

"ರಿಪೇರಿ ಮಾಡ್ದೋರು ಒಬ್ಬೊಬ್ರೂ ಒಂದೊಂದು ಗುರ್ತು ಬುಟ್ಟೋಗವ್ರೆ, ಸಾರ್" ಅಂದ. "ನೀರು ಕುಡ್ದದೆ ಇದು. ಆದ್ರೂ ನಡುಸ್ಬೋದು. ಅಂಚಲ್ಲಿ ಏನೋ ನೊರೆ ಒಣಗಿ ಕಲೆ ಆಗದೆ. ಉಜ್ಜಿ ತೆಗ್ದುಬುಡ್ಲಾ?"

ಅಂಟವಾಳದ ಕಂದು ಕಲೆ. ಬಗ್ಗಿ ನೋಡಿದೆ.

"ಬ್ಯಾಡ, ಬುಡಪ್ಪ" ಅಂದೆ. "ಅದೂ ಗುರ್ತೇ. ನಮ್ಮನೆಯವಳ್ದು."