ಬಾಟಲಿಯ ತಳ ನೋಡುವ ಚಟ

ಸಮುದ್ರದ ಕಡೆಗಿನ ಕೋಣೆಯ ಅತಿಥಿಗಳು ಬೆಳಿಗ್ಗೆಯೇ ದೋಣಿಯಲ್ಲಿ ಸುತ್ತಾಡಲು ಹೋಗಿದ್ದರು. ಹಾಸಿಗೆಯ ಬಟ್ಟೆ ಬದಲಿಸಲು ಒಳಗೆ ಹೋದೆ. ಈ ಹೋಟೆಲಿನಲ್ಲಿ ನನ್ನ ಕೆಲಸವೇ ಅದು. ಮಂಚದ ಪಕ್ಕದ ಮರದ ಸ್ಟೂಲಿನ ಮೇಲೆ ಗಾಜಿನ ಲೋಟದಲ್ಲಿ ಅರ್ಧ ಉರಿದ ಮೇಣದ ಬತ್ತಿ ಇತ್ತು, ಕೋಣೆಯ ತುಂಬ ಮಲ್ಲಿಗೆಯ ವಾಸನೆ. ಬೇರೆಯವರಾಗಿದ್ದರೆ ಮೂಸಿ ನೋಡುತ್ತಿದ್ದರು. ನಾನು ಎತ್ತಿ ಅದರ ತಳ ನೋಡಿದೆ. ಏನು ಮಾಡಲಿ, ಅಂಟಿಕೊಂಡ ಚಟ. ನಾಳೆ ನಿಮ್ಮ ಮನೆಗೆ ಬಂದರೂ ಮೊದಲು ನಿಮ್ಮ ಉಪ್ಪಿನಕಾಯಿ ಬಾಟಲಿಯ ತಳವನ್ನೇ ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಲೋಟದ ತಳ ತೀರಾ ತೆಳ್ಳಗಿತ್ತು. ಆಮೇಲೆ ಮೈಮೇಲಿನ ಚೀಟಿ ಓದಿದೆ. ಇಂಗ್ಲಿಷ್ ಅಕ್ಷರಗಳಲ್ಲಿ 'ನೀಲಾ' ಎಂದಿತ್ತು, ಕೆಳಗೆ 'ಕೈಯಿಂದ ಮಾಡಿದ್ದು' ಎಂದು, ಅದರಡಿ ಅಂಗಡಿಯ ವಿಳಾಸ. ಓದಿದ್ದೇ ತಡ, ಹೆಗಲ ಮೇಲಿದ್ದ ಹಾಸಿಗೆ ಬಟ್ಟೆಯನ್ನು ನೆಲಕ್ಕೆ ಎಸೆದೆ.

ನೀಲಾ ಅಂದರೆ ನನ್ನ ನೆಗೆಣ್ಣಿ ನೀಲವ್ವ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ವಿಜಾಪುರದ ಕಡೆಯಿಂದ ಮದುವೆಯಾಗಿ ಗೋವಾದ ಕಾಣಕೋಣಕ್ಕೆ ಬಂದಾಗ ಬಾಡಿಗೆಯ ಎರಡು ಕೋಣೆಗಳಲ್ಲಿ ಅತ್ತೆ, ಭಾವ, ನೀಲಕ್ಕ, ನಾವಿಬ್ಬರು. ಗಂಡಸರು ಸೀಸನ್ನಿನಲ್ಲಿ ಬೀಚಿನ ಮೇಲೆ ಮಣಿಸರ, ಶಾಲು ಮಾರುತ್ತಿದ್ದರು, ಮಳೆಗಾಲದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ನೀಲಕ್ಕ ಮೇಣದ ಬತ್ತಿ ಮಾಡುತ್ತಿದ್ದಳು. ಮೇಣ ಕರಗಿಸುವುದನ್ನು ಅವಳಿಗೆ ಕಲಿಸಿದ್ದು ಪಕ್ಕದ ಕಾಂಪೌಂಡಿನ ಫಿಲು ಆಂಟಿ. ಗಂಡನನ್ನು ಕಳೆದುಕೊಂಡ, ಇಗರ್ಜಿ ಬಿಟ್ಟರೆ ಹಿತ್ತಲು ಎಂದು ಬದುಕುತ್ತಿದ್ದ ಕ್ರಿಶ್ಚಿಯನ್ ಹೆಂಗಸು. ಆದರೆ ಬತ್ತಿಯನ್ನು ಬಾಟಲಿಯೊಳಗೆ ಕೂರಿಸುವ ಯೋಚನೆ ಮಾತ್ರ ನೀಲಕ್ಕನದೇ. ಕಡಲ ಗಾಳಿಗೆ ಬರೀ ಬತ್ತಿ ನಿಲ್ಲುವುದಿಲ್ಲವಲ್ಲ, ಗಾಜಿನೊಳಗಿದ್ದರೆ ನಿಲ್ಲುತ್ತದೆ. ಬೀಚಿನ ಮೇಲಿನ ಶ್ಯಾಕ್‌ಗಳವರು, ಅಂದರೆ ಚಪ್ಪರದ ಹೋಟೆಲಿನವರು, ಊಟದ ಮೇಜಿಗೆಂದು ಅವನ್ನು ಕೇಳಿ ಕೇಳಿ ಒಯ್ಯುತ್ತಿದ್ದರು.

ಬಾಟಲಿ ಎಲ್ಲಿಂದ ಬರುತ್ತಿದ್ದವು ಅನ್ನುತ್ತೀರಾ? ಅದೇ ಶ್ಯಾಕ್‌ಗಳ ಹಿಂದಿನ ಕಸದಿಂದ, ರಸ್ತೆಯಂಚಿನ ಗುಜರಿ ಅಂಗಡಿಯಿಂದ, ಫಿಲು ಆಂಟಿಯ ಅಡುಗೆಮನೆಯಿಂದ. ಆಂಟಿ ಖಾಲಿಯಾದ ಬಾಟಲಿಗಳನ್ನು ತೊಳೆದು ಕಾಂಪೌಂಡಿನ ಗೋಡೆಯ ಮೇಲೆ ಬೋರಲು ಹಾಕಿ ಇಡುತ್ತಿದ್ದರು. ನೀಲಕ್ಕ ಎದ್ದ ಕೂಡಲೇ ದೇವರಿಗಿಂತ ಮೊದಲು ಆ ಗೋಡೆಗೆ ಕೈ ಮುಗಿಯುತ್ತಾಳೆ ಎಂದು ಅತ್ತೆ ಗೊಣಗುತ್ತಿದ್ದರು. ನಾನು ಹೊಸದರಲ್ಲಿ ಚಿತ್ತಾರದ ಕೆತ್ತನೆ ಇರುವ, ಕುತ್ತಿಗೆ ಸಣ್ಣಗಿರುವ ಚೆಂದದ ಬಾಟಲಿಗಳನ್ನೇ ಆರಿಸಿ ತಂದು ಜಾಣೆಯ ಹಾಗೆ ಅವಳ ಮುಂದೆ ಸಾಲಾಗಿ ಇಡುತ್ತಿದ್ದೆ. ಅವಳು ಅಷ್ಟನ್ನೂ ಪಕ್ಕಕ್ಕೆ ಸರಿಸುತ್ತಿದ್ದಳು.

"ಏ ತಂಗಿ, ಮಾರಿ ನೋಡಿ ಮಳ್ಳಾಗಬ್ಯಾಡ. ತಳಾ ನೋಡು, ತಳಾ. ಬೆಂಕಿ ಕಡೀಕ ಬಂದು ಕೂಡೂದು ಅಲ್ಲೇ."

ತಳ ದಪ್ಪಗಿರಬೇಕು, ಗಾಜಿನಲ್ಲಿ ಗುಳ್ಳೆ ಇರಬಾರದು. ಬಾಯಿ ಅಗಲವಾಗಿರಬೇಕು, ಇಲ್ಲವಾದರೆ ಭುಜದ ಹತ್ತಿರ ಮೇಣ ಕರಗದೆ ಕುಳಿತುಬಿಡುತ್ತದೆ. ಅಂಚಿನ ಸುತ್ತ ಹೆಬ್ಬೆರಳು ಆಡಿಸಿ ಚಕ್ಕೆ ಹಾರಿದೆಯೋ ಎಂದು ನೋಡಬೇಕು. ಉಗುರಿನಿಂದ ತಟ್ಟಿದರೆ ಟಣ್ ಅನ್ನಬೇಕು. ಕೊನೆಗೆ ಅಂಗಳದ ಮರಳಿನಲ್ಲಿ ಇಟ್ಟು ಕುದಿಯುವ ನೀರು ಹೊಯ್ಯಬೇಕು. ಉಳಿದದ್ದು ಮಾತ್ರ ಮನೆಯೊಳಗೆ ಬರುತ್ತಿತ್ತು. ನನ್ನನ್ನು ನೋಡಲು ಬಂದವರು ಕೂಡ ಇಷ್ಟು ತಪಾಸಣೆ ಮಾಡಿರಲಿಲ್ಲ.

ಇಷ್ಟೆಲ್ಲ ನೋಡುವವಳೂ ಒಮ್ಮೆ ಎಡವಿದಳು. ನಮ್ಮ ಮನೆಯವರು ಮೀನು ಮುಟ್ಟುವವರಲ್ಲ, ಸಮುದ್ರದ ಪಕ್ಕದಲ್ಲೇ ಇದ್ದರೂ. ಆಂಟಿಯ ಗೋಡೆಯಿಂದ ಬಂದ ಒಂದಿಷ್ಟು ಬಾಟಲಿಗಳಲ್ಲಿ ಏನೋ ಹುಳಿ ವಾಸನೆ ಇತ್ತು. ಉಪ್ಪಿನಕಾಯಿಯದು ತಾನೇ ಅಂದುಕೊಂಡು ಚೆನ್ನಾಗಿ ತೊಳೆದು ಮಲ್ಲಿಗೆ ಎಣ್ಣೆಯ ಮೇಣ ಹೊಯ್ದೆವು. ಅದು ಉಪ್ಪಿನಕಾಯಿಯೇ, ಆದರೆ ಸಿಗಡಿಯದು! ಬಾಯಿಯ ಸುತ್ತ ಮುಚ್ಚಳ ಕೂರುವ ಗೆರೆಗಳಲ್ಲಿ ಸಿಕ್ಕಿಕೊಂಡಿದ್ದ ಎಣ್ಣೆ ಬಿಸಿಯಾದಾಗ ಮಲ್ಲಿಗೆಯ ಜೊತೆ ಸಿಗಡಿಯೂ ಅರಳಿತು. ವಾಸನೆ ಗುರುತು ಹಿಡಿಯುವ ಮೂಗೇ ನಮಗಿರಲಿಲ್ಲ. ಶ್ಯಾಕಿನವನು ವಾಪಸು ತಂದಾಗ ಫಿಲು ಆಂಟಿ ಗೋಡೆಗೆ ಆತುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆ ಎರಡು ದಿನ ನಮ್ಮ ಕೈಯ ನೀರು ಕುಡಿಯಲಿಲ್ಲ. ನೀಲಕ್ಕ ಮಾತ್ರ ಆಂಟಿಯ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಒಂದೊಂದೇ ಬರಣಿ ಮೂಸಿ ಇದು ಯಾವುದು, ಅದು ಯಾವುದು ಎಂದು ಕಲಿತು ಬಂದಳು. "ಮೀನ ತಿನ್ನದಾಕಿ ಮೀನಿನ ವಾಸನಿ ಕಲಿಯಾಕತ್ತಾಳ" ಎಂದು ಭಾವ ಮೂದಲಿಸಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಯಾಕೆಂದರೆ ಅವಳಿಗೆ ಬೇಕಾಗಿದ್ದದ್ದು ಒಂದೇ. ಆ ಮನೆಯಲ್ಲಿ ಅವಳದು ಅನ್ನುವ ವಸ್ತು ಏನೂ ಇರಲಿಲ್ಲ. ಮಕ್ಕಳಾಗಲಿಲ್ಲ ಎಂಬ ಮಾತು ದಿನಕ್ಕೊಮ್ಮೆಯಾದರೂ ಅತ್ತೆಯ ಬಾಯಿಂದ ಬರುತ್ತಿತ್ತು. ಇಡೀ ಓಣಿ "ಬಾಟ್ಲಿ ಅಂದ್ರ ನೀಲವ್ವ" ಅಂದಾಗ ಮಾತ್ರ ಅವಳ ಮುಖ ನೋಡಬೇಕಿತ್ತು. ಅವಳು ಕಾಪಾಡಿಕೊಂಡಿದ್ದದ್ದು ಆ ಹೆಸರನ್ನು. ಅದನ್ನೇ ತೆಗೆದುಕೊಂಡು ಅವಳ ಕುತ್ತಿಗೆಗೆ ಕಟ್ಟಿದರು.

ನವೆಂಬರಿನಲ್ಲಿ ಇಲ್ಲಿನ ಕ್ರಿಶ್ಚಿಯನ್ನರು ತೀರಿಕೊಂಡವರ ಗೋರಿಗಳಿಗೆ ಬತ್ತಿ ಹಚ್ಚುವ ದಿನ ಬರುತ್ತದೆ. ಆ ವರ್ಷ ಫಿಲು ಆಂಟಿಯ ಕಡೆಯಿಂದ ಸುತ್ತಲಿನವರೆಲ್ಲ ನಮ್ಮಲ್ಲೇ ಬತ್ತಿ ಹೇಳಿದ್ದರು. ಅಷ್ಟು ಬಾಟಲಿ ಆರಿಸಿ ಮುಗಿಯುವುದಿಲ್ಲವೆಂದು ಭಾವ ಮಡಗಾವಿನಿಂದ ಡಬ್ಬಿಗಟ್ಟಲೆ ಗ್ಲಾಸು ತಂದ. ಎಲ್ಲ ಒಂದೇ ಅಳತೆ, ಫಳಫಳ ಹೊಳೆಯುವಂಥವು. ನೀಲಕ್ಕ ಒಂದನ್ನು ಎತ್ತಿ ತಳ ನೋಡಿದಳು. ಮರಳಿನಲ್ಲಿಟ್ಟು ಬಿಸಿನೀರು ಹೊಯ್ದಳು. ಚಟ್ ಎಂದು ಸೀಳಿತು.

"ಇವು ಬ್ಯಾಡ್ರಿ. ಗಾಳ್ಯಾಗ ಉರಿ ತಳಾ ಮುಟ್ಟಿದ್ರ ಒಡೀತಾವ."

"ಬಿಸಿನೀರ ಯಾರ ಹಾಕ್ತಾರ ಇದರಾಗ? ಹುಚ್ಚಿ. ದೊಡ್ಡ ಪಂಡಿತಳಾಗ್ಯಾಳ ನೋಡವ್ವ" ಎಂದು ಭಾವ ಅತ್ತೆಯ ಕಡೆ ತಿರುಗಿ ನಕ್ಕ.

ಅವಳು ಕೈ ಒರೆಸಿಕೊಂಡು ಎದ್ದುಬಿಟ್ಟಳು. ಆ ಗ್ಲಾಸುಗಳನ್ನು ಅವಳು ಮುಟ್ಟಲಿಲ್ಲ. ಮೇಣ ಕರಗಿಸಿ ಹೊಯ್ದದ್ದು ಭಾವ, ಗ್ಲಾಸು ಹಿಡಿದುಕೊಂಡದ್ದು ಅತ್ತೆ. ಇದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ, ಯಾರು ಕೇಳಿದರೂ ಹೇಳುತ್ತೇನೆ.

ಆ ಸಂಜೆ ಗೋರಿಗಳ ಹತ್ತಿರ ಗಾಳಿ ಜೋರಾಗಿತ್ತು. ಒಂದಾದ ಮೇಲೊಂದು ಗ್ಲಾಸು ಒಡೆದವು. ಫಿಲು ಆಂಟಿಯ ಗಂಡನ ಗೋರಿಯ ಮೇಲೆ ಹಾಸಿದ್ದ ಕಸೂತಿ ಬಟ್ಟೆಗೆ ಬೆಂಕಿ ಹತ್ತಿ, ಕಲ್ಲಿಗೆ ಕೂರಿಸಿದ್ದ ಅವರ ಫೋಟೋ ಕರಿಹಿಡಿದು ಹೋಯಿತು. ಆಂಟಿಯ ಬಳಿ ಇದ್ದ ಅವರ ಒಳ್ಳೆಯ ಫೋಟೋ ಅದೊಂದೇ.

ಆಂಟಿ ನೇರ ನಮ್ಮ ಬಾಗಿಲಿಗೆ ಬಂದರು. ಒಡೆದ ತಳವೊಂದನ್ನು ಅಂಗೈಯಲ್ಲಿ ಹಿಡಿದು ನಿಂತರು. ನಮ್ಮ ಮನೆಯಲ್ಲಿ ಕೊಂಕಣಿ ಸರಿಯಾಗಿ ಬರುತ್ತಿದ್ದದ್ದು ಭಾವನಿಗೆ. ಅವನು ತಲೆ ಬಾಗಿಸಿ, ದನಿ ಇಳಿಸಿ, ಬಾಟಲಿ ಆರಿಸುವವಳು ಇವಳೇ ಅಲ್ಲವೇ, ಊರಿಗೆಲ್ಲ ಗೊತ್ತು, ಹೆಂಗಸರ ಕೆಲಸ, ಕ್ಷಮಿಸಿ ಅಂದ. ಎಷ್ಟು ಸಲೀಸು! ಆಂಟಿ ನೀಲಕ್ಕನ ಕಡೆ ತಿರುಗಿದರು.

"ನೀಲಾ, ತೂಂ?"

ನೀನಾ, ಎಂದು ಕೇಳಿದ್ದು ಅಷ್ಟೇ. ನಾನು ಸುಮ್ಮನಿರಲಿಲ್ಲ. "ಸುಳ್ಳ ಹೇಳ್ಯಾನ್ರಿ! ತಂದವರು ಅವರು, ಹೊಯ್ದವರು ಅವರು!" ಎಂದು ಕನ್ನಡದಲ್ಲೇ ಒದರಿದೆ. ನನಗೆ ಬರುತ್ತಿದ್ದ ಕೊಂಕಣಿ ಎಲ್ಲ ಶಾಲು ಮಾರುವ ಕೊಂಕಣಿ, ತಗೊಳ್ಳಿ, ಚೆಂದ ಇದೆ, ಇನ್ನೊಂದು ಬಣ್ಣ ತೋರಿಸಲೇ ಅನ್ನುವಷ್ಟು. ಸತ್ಯ ಹೇಳಲು ಅದು ಯಾತಕ್ಕೂ ಬರಲಿಲ್ಲ. ನನ್ನ ಗಂಡ ನನ್ನ ರಟ್ಟೆ ಹಿಡಿದು "ಸುಮ್ನಿರು, ಅಣ್ಣ ಅದಾನ" ಎಂದು ಒಳಗೆ ಎಳೆದ. ನಾನು ಹೀಗೆ ಒದರಿದ್ದು ನೋಡಿ ತಪ್ಪು ನಮ್ಮಿಬ್ಬರು ಹೆಂಗಸರದೇ ಎಂದು ಆಂಟಿಗೆ ಅನ್ನಿಸಿರಬೇಕು. ಅವರು ಹೊರಟುಹೋದರು.

ಮರುದಿನ ಗೋಡೆಯ ಮೇಲೆ ಬಾಟಲಿ ಇರಲಿಲ್ಲ. ಆಮೇಲೆ ಎಂದೂ ಇರಲಿಲ್ಲ. ನೀಲಕ್ಕ ಮಾತ್ರ ಬೆಳಿಗ್ಗೆ ಎದ್ದು ನೋಡುವುದನ್ನು ಬಿಡಲಿಲ್ಲ.

"ನೀ ಯಾಕ ಬಾಯಿ ಬಿಡಲಿಲ್ಲ ಅಕ್ಕಾ?" ಎಂದು ಒಂದು ದಿನ ಬಟ್ಟೆ ಒಗೆಯುವಾಗ ಕೇಳಿದೆ.

"ಏನಂತ ಬಿಡ್ಲಿ? ಬಾಟ್ಲಿ ಅಂದ್ರ ನಾನು ಅಂತ ಊರಿಗೆಲ್ಲ ನಾನ ಹೇಳ್ಕೊಂತ ಅಡ್ಡಾಡೇನಿ. ಈಗ ಅಲ್ಲ ಅಂದ್ರ ಯಾರ ನಂಬ್ತಾರ?"

ಆ ಚಳಿಗಾಲದಲ್ಲೇ ಅವಳು ಮಡ್ಕಯಿಯಲ್ಲಿದ್ದ ತಮ್ಮನ ಮನೆಗೆ ಹೋದಳು, ಅಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದಳು. ಭಾವ ಕರೆಯಲು ಹೋಗಲಿಲ್ಲ. "ತಾನ ಹೋಗ್ಯಾಳ, ತಾನ ಬರ್ತಾಳ" ಅಂದರು ಅತ್ತೆ. ಬರಲಿಲ್ಲ. ನಾನು ಹಟ ಹಿಡಿದು ಮಾತಿಗೆ ಸಾಲುವಷ್ಟು ಕೊಂಕಣಿ ಕಲಿತೆ. ಆದರೆ ಅಷ್ಟರಲ್ಲಿ ಫಿಲು ಆಂಟಿಯೂ ಆ ಗೋರಿಯ ಕಲ್ಲಿನ ಕೆಳಗೆ ಹೋಗಿದ್ದರು. ನನ್ನ ಕೊಂಕಣಿ ಈಗ ಟವೆಲ್ಲು ಬೇಕೇ, ಸೋಪು ಬೇಕೇ ಎಂದು ಕೇಳಲು ಉಪಯೋಗವಾಗುತ್ತದೆ.

ನಾವು ಬೇರೆ ಮನೆ ಮಾಡಿದ ಮೇಲೆ ಭಾವ ರಸ್ತೆಯ ಪಕ್ಕ ಅಂಗಡಿ ಹಾಕಿದ್ದು, ಬತ್ತಿಯ ವ್ಯಾಪಾರ ಕುದುರಿದ್ದು ನನಗೆ ಗೊತ್ತಿತ್ತು. ಅವಳ ಹೆಸರನ್ನೇ ಅಂಟಿಸಿ ಮಾರುತ್ತಿದ್ದಾನೆ ಎಂಬುದು ಇವತ್ತು ಚೀಟಿಯಲ್ಲಿ ಅವನ ಅಂಗಡಿಯ ವಿಳಾಸ ನೋಡಿ ಗೊತ್ತಾಯಿತು. ಹೆಂಡತಿ ಬೇಡ, ಹೆಸರು ಬೇಕು! ಅತಿಥಿಗಳ ಹಾಸಿಗೆಯ ಮೇಲೆ ನಾವು ಕೂರಬಾರದು, ಆದರೂ ಅದರ ಅಂಚಿನಲ್ಲಿ ಕುಳಿತೇ ನೀಲಕ್ಕನಿಗೆ ಫೋನು ಹಚ್ಚಿದೆ. ಅತ್ತ ಕಡೆ ಯಂತ್ರಗಳ ಸದ್ದು.

"ಅಕ್ಕಾ, ಬತ್ತಿ ಮ್ಯಾಲ ನಿನ್ನ ಹೆಸರ ಹಾಕ್ಯಾನ. ಕೈಲೆ ಮಾಡಿದ್ದಂತ ಬರದಾನ. ನಾಚಿಕಿ ಇಲ್ಲದಾವ!"

ಅವಳು ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದೇ ಬೇರೆ.

"ತಳಾ ಹೆಂಗೈತಿ?"

"ತೆಳ್ಳಗ ಐತಿ. ಹಪ್ಪಳ ಇದ್ದಂಗ."

"ಹಂಗಾರ ಕೆಳಗೊಂದು ತಾಟ ಇಡು ತಂಗಿ. ಮಂದಿ ಮಲಗೂ ಕೋಲಿ ಅದು. ಏನಾರ ಆದ್ರ ಹೆಸರು ನಂದ ಐತಿ."

ಫೋನು ಇಟ್ಟಳು. ನನಗೆ ಅವಳ ಮೇಲೂ ಸಿಟ್ಟು ಬಂತು, ಖರೇ ಹೇಳುತ್ತೇನೆ. ಇಷ್ಟಾದ ಮೇಲೂ ತಾಟಂತೆ! ಆದರೂ ಅಡುಗೆಮನೆಗೆ ಹೋಗಿ ಸ್ಟೀಲಿನ ತಾಟು ತಂದೆ. ಲೋಟವನ್ನು ಅದರೊಳಗೆ ಇಡುವ ಮೊದಲು ಚೀಟಿಗೆ ನೀರು ಹಚ್ಚಿ ಉಗುರಿನಿಂದ ಕೆರೆಯಲು ಕುಳಿತೆ. ಅಂಟು ಗಟ್ಟಿಯಾಗಿತ್ತು, ಒಂದು ಉಗುರು ಮುರಿಯಿತು, ಹೊರಗಿನಿಂದ ಸೂಪರ್‌ವೈಸರ್ ಎರಡು ಸಲ ಕೂಗಿದ. ಕೂಗಲಿ. ಒಂದಕ್ಷರವೂ ಉಳಿಯದ ಹಾಗೆ ತೆಗೆದೆ. ಇನ್ನು ಆ ಅಂಗಡಿಯ ಬತ್ತಿ ಈ ಹೋಟೆಲಿನ ಯಾವ ಕೋಣೆಯಲ್ಲಿ ಕಂಡರೂ ಮೊದಲು ಕೆಳಗೊಂದು ತಾಟು, ಆಮೇಲೆ ಈ ಕೆಲಸ. ಲೋಟ ಒಡೆದರೆ ಒಡೆಯಲಿ, ಈ ಸಲ ಅವಳ ಹೆಸರಿನ ಮೇಲೆ ಒಡೆಯುವುದಿಲ್ಲ.