ಬಿಯರ್ ಕಾರ್ಖಾನೆಯ ಹೊಟ್ಟೆಗೆ ಸಗಣಿ

ಬಿಯರ್ ಕಾರ್ಖಾನೆಯ ಗೇಟಿನಲ್ಲಿ ನನಗೆ ಮೊದಲು ಕಂಡದ್ದು ಹಾಲಿನ ಕ್ಯಾನುಗಳು. ಸೋಂಪುರದ ಕೈಗಾರಿಕಾ ಪ್ರದೇಶ, ಮುಂಜಾನೆ, ಗಾಳಿಯಲ್ಲಿ ಅಂಬಲಿ ಕುದಿಯುವಂಥ ವಾಸನೆ. ಎದುರಿಗೆ ಟೆಂಪೊ, ಟ್ರ್ಯಾಕ್ಟರು, ಕ್ಯಾನು ಕಟ್ಟಿದ ಬೈಕುಗಳ ಸಾಲು. ತಪ್ಪಿ ಡೇರಿಗೆ ಬಂದೆನೇನೋ ಎಂದುಕೊಂಡು, "ಏನ್ರಿ, ಇಲ್ಲಿ ಬಿಯರ್ ಮಾಡ್ತಾರೋ, ಹಾಲು ಹಿಂಡ್ತಾರೋ?" ಎಂದು ಕೇಳಿದೆ. ಸಾಲಿನಲ್ಲಿದ್ದವನೊಬ್ಬ ನಕ್ಕ. "ಎರಡೂ ಒಂದೇ ಮೇಡಂ. ಬಾರ್ಲಿ ರಸ ಕುಡಿಯೋರಿಗೆ, ಬೂಸ ನಮ್ ಹಸುಗೆ." ರಸ ತೆಗೆದ ಬಾರ್ಲಿಯ ಹಿಂಡಿಗೆ ಇಲ್ಲಿ ಬಿಯರ್ ಬೂಸ ಎನ್ನುತ್ತಾರೆ. ಬಿಸಿಬಿಸಿ ಇರುವಾಗಲೇ ಒಯ್ದುಬಿಡುತ್ತಾರೆ.

ನಮ್ಮೂರು ಬೈಲಹೊಂಗಲದಲ್ಲಿ ಗೆಳತಿಯರಾದ ನಿಮಗೆಲ್ಲ "ನೀರು ಶುದ್ಧ ಮಾಡುವ ಕೆಲಸ" ಎಂದಷ್ಟೇ ಹೇಳಿ ಹೊರಟು ಬಂದವಳು ನಾನು. ಸುಳ್ಳೇನಲ್ಲ, ಬಿಡಿ. ಆದರೆ ಮನೆ ಹುಡುಕುವಾಗ ಸುಳ್ಳಿಲ್ಲದ ಈ ಮಾತೂ ನಡೆಯಲಿಲ್ಲ. ನೆಲಮಂಗಲದಲ್ಲಿ ಒಬ್ಬರು ಬೀಗದಕೈ ತೋರಿಸಿದವರು, ಕಾರ್ಖಾನೆಯ ಹೆಸರು ಕೇಳಿದ ಕೂಡಲೇ ಅದನ್ನು ಸೆರಗಿಗೆ ಕಟ್ಟಿಕೊಂಡರು. "ಬಿಯರ್ ಫ್ಯಾಕ್ಟ್ರೀನಾ? ಒಬ್ಳೇ ಹೆಣ್ಮಗ್ಳು ಬೇರೆ!" ಕಡೆಗೆ ಕಾರ್ಖಾನೆಯ ಹತ್ತಿರದ ಹಳ್ಳಿಯಲ್ಲಿ ಜಯಮ್ಮ ಎಂಬಾಕೆ ಕೋಣೆ ಕೊಟ್ಟರು. ಅವರದ್ದು ಹಸು ಸಾಕಿದ ಮನೆ. "ನಿಮ್ ಬೂಸ ತಿಂದೇ ನಮ್ ಹಸು ಹಾಲ್ ಕೊಡೋದು. ನಿನ್ನನ್ಯಾಕೆ ಬ್ಯಾಡ ಅನ್ಲಿ? ಬಾರಮ್ಮ ಒಳಗೆ."

ಆ ರಾತ್ರಿ ಅವರು ಬಡಿಸಿದ ಮುದ್ದೆಯನ್ನು ನಾನು ರೊಟ್ಟಿಯಂತೆ ಅಗಿಯುತ್ತ ಕೂತೆ. ಅಗಿದಷ್ಟೂ ಹಲ್ಲಿಗೆ ಮೆತ್ತಿಕೊಂಡಿತು. "ಅಯ್ಯೋ, ಅಗೀಬೇಡ ಕಣೇ, ನುಂಗು!" ಎಂದು ಜಯಮ್ಮ ಬಿದ್ದು ಬಿದ್ದು ನಕ್ಕರು. ನುಂಗಿದೆ. ಕಣ್ಣಲ್ಲಿ ನೀರು ಬಂತು. ಅದು ಮುದ್ದೆಯಿಂದ ಮಾತ್ರ ಬಂದ ನೀರಾಗಿರಲಿಲ್ಲ. ಕಟಕಟ ಮುರಿಯುವ ಜೋಳದ ರೊಟ್ಟಿಯ ಸದ್ದು ನೆನಪಾಗಿ ಆ ರಾತ್ರಿಯೆಲ್ಲ ಊರಿಗೆ ಓಡಿಹೋಗಬೇಕು ಅನ್ನಿಸುತ್ತಿತ್ತು.

ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಬಾಟಲಿಯೊಳಗೆ ಹೋಗುವ ನೀರಿಗಿಂತ ಬಿಯರಿನ ಪಾತ್ರೆ, ಪೈಪು, ಬಾಟಲಿ ತೊಳೆಯುವ ನೀರೇ ಹೆಚ್ಚು. ಎಲ್ಲವೂ ಇದೇ ನೆಲದ ಬೋರ್‌ವೆಲ್‌ನಿಂದ ಬರಬೇಕು. ಹಾಗಾಗಿ ಕೊಳೆನೀರನ್ನು ಒಂದು ದೊಡ್ಡ ಮುಚ್ಚಿದ ಟ್ಯಾಂಕಿಗೆ ಬಿಡುತ್ತಾರೆ. ಅದರೊಳಗಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಗ್ಯಾಸು ಕೊಡುತ್ತವೆ. ಗ್ಯಾಸಿನಿಂದ ಬಾಯ್ಲರ್ ಉರಿಯುತ್ತದೆ, ಸೌದೆ ಉಳಿಯುತ್ತದೆ. ತಿಳಿಯಾದ ನೀರನ್ನು ಇನ್ನಷ್ಟು ಸೋಸಿ ನೆಲ ತೊಳೆಯಲು, ಗಿಡಗಳಿಗೆ ಬಳಸುತ್ತಾರೆ. ಕೆಲಸಗಾರರು ಆ ಟ್ಯಾಂಕಿಗೆ ಇಟ್ಟ ಹೆಸರು ಹೊಟ್ಟೆ. ಹೊಟ್ಟೆಯನ್ನು ಕಾಯುವುದೇ ನನ್ನ ಕೆಲಸ. ಪಾತ್ರೆ ತೊಳೆಯುವ ಕಾಸ್ಟಿಕ್, ಅಂದರೆ ಸುಡುವಂಥ ಸೋಡಾ, ಹೊಟ್ಟೆಗೆ ವಿಷ. ಅದಕ್ಕೇ ಕಾಸ್ಟಿಕ್ ನೀರನ್ನು ಬೇರೊಂದು ತೊಟ್ಟಿಯಲ್ಲಿ ಕೂಡಿಟ್ಟು, ಹದ ಮಾಡಿ, ಸ್ವಲ್ಪಸ್ವಲ್ಪವೇ ಬಿಡಬೇಕು.

ಆಯುಧಪೂಜೆ ಬಂತು. ನಮ್ಮ ಕಡೆ ಬನ್ನಿ ಹಂಚುವುದೇ ದೊಡ್ಡ ಸಂಭ್ರಮ. ಇಲ್ಲಿ ಯಂತ್ರಗಳಿಗೆ ಅಭ್ಯಂಜನ. ನಾನು ರೇಷ್ಮೆ ಸೀರೆ ಉಟ್ಟು ಬರುವಷ್ಟರಲ್ಲಿ ಬಾಯ್ಲರಿಗೆ ಬಾಳೆಕಂಬ ಕಟ್ಟಿತ್ತು, ಪಂಪುಗಳಿಗೆ ವಿಭೂತಿ ಬಳಿದಿತ್ತು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದಿತ್ತು. ಬಾಯ್ಲರ್ ನೋಡಿಕೊಳ್ಳುವ ನಾಗರಾಜು ಕೈತುಂಬ ಕಡ್ಲೆಪುರಿ ಕೊಟ್ಟು, "ಬನ್ನಿ ಮೇಡಂ, ನಿಮ್ ತೊಟ್ಟಿ ನೋಡಿ. ಕನ್ನಡಿ ಮಾಡಿಬಿಟ್ಟಿದೀವಿ!" ಎಂದು ಕರೆದೊಯ್ದರು. ತೊಟ್ಟಿ ಥಳಥಳ ಹೊಳೆಯುತ್ತಿತ್ತು. ಅಂಚಿಗೆ ಕುಂಕುಮ, ಚೆಂಡುಹೂವಿನ ಹಾರ.

"ಒಳಗಿದ್ದ ನೀರು ಎಲ್ಲಿ ಹೋತ್ರಿ?"

"ಹಬ್ಬದ ದಿನ ಕೊಳೆ ಇಟ್ಕೊಳಕ್ಕಾಗತ್ತಾ? ರಾತ್ರಿನೇ ಎಲ್ಲಾ ಹೊಟ್ಟೆಗೆ ಬಿಟ್ಬಿಟ್ವಿ."

 ಹಬ್ಬಕ್ಕೆಂದು ಇಡೀ ಕಾರ್ಖಾನೆಯ ಪಾತ್ರೆಗಳನ್ನು ತೊಳೆದ ಕಾಸ್ಟಿಕ್ಕು ಅಷ್ಟೂ ಒಂದೇ ಏಟಿಗೆ ಹೊಟ್ಟೆ ಸೇರಿತ್ತು. ಕೂಗಾಡಿದೆ. ಯಾರ ಮೇಲೆ ಅಂತ ಕೂಗಾಡುವುದು? ಅವರು ಮಾಡಿದ್ದು ಭಕ್ತಿಯಿಂದ. ನಾಗರಾಜು ಮುಖ ಬಿಳಿಚಿಕೊಂಡು, "ಸತ್ತೋಯ್ತಾ ಮೇಡಂ?" ಎಂದರು.

ಸತ್ತಂತೆಯೇ ಇತ್ತು. ಹುಳಿ ವಾಸನೆ, ಮೇಲೆ ನೊರೆ. ಪರೀಕ್ಷೆಗೆಂದು ದೂರಕ್ಕೆಳೆದ ಪೈಪಿನ ಬಾಯಿಗೆ ಕಡ್ಡಿ ಗೀರಿ ಹಿಡಿದರೆ, ಬಂದ ಗ್ಯಾಸು ಹೊತ್ತುವ ಬದಲು ಕಡ್ಡಿಯನ್ನೇ ಆರಿಸಿತು. ಕೊಳೆನೀರನ್ನು ಟ್ಯಾಂಕರ್‌ಗಳಲ್ಲಿ ಹೊರಗೆ ಸಾಗಿಸತೊಡಗಿದರು, ಬಾಯ್ಲರಿಗೆ ಮತ್ತೆ ಲಾರಿ ಲಾರಿ ಸೌದೆ ಬಂತು. ಮ್ಯಾನೇಜರ್ ಸಿಟ್ಟಾಗಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. "ದೀಪಾವಳಿವರೆಗೂ ನೋಡೋಣ. ಗ್ಯಾಸ್ ಉರೀದಿದ್ರೆ ಹೊಟ್ಟೆ ಮುಚ್ಚಿಬಿಡ್ತೀವಿ. ಆಮೇಲೆ ನಿಮಗೂ ಇಲ್ಲಿ ಕೆಲಸ ಇರಲ್ಲ" ಎಂದರು.

ಹುಚ್ಚು ಹಿಡಿದಂತಾಯಿತು. ಊಟ ಸೇರದು, ನಿದ್ದೆ ಬಾರದು. ಜಗುಲಿಯ ಮೇಲೆ ತಲೆ ಹಿಡಿದು ಕೂತಿದ್ದವಳನ್ನು ಜಯಮ್ಮ ಕೊಟ್ಟಿಗೆಯಿಂದಲೇ ಕೇಳಿದರು: "ಏನಾಯ್ತೇ?"

"ಹೊಟ್ಟೆಯೊಳಗಿನ ಜೀವ ಸತ್ತಾವ್ರಿ. ಹೊಸದಾಗಿ ಹುಟ್ಟಬೇಕಂದ್ರ ಹಸಿ ಸಗಣಿ ಬೇಕು, ರಾಶಿಗಟ್ಟಲೆ."

"ಇಷ್ಟಕ್ಕೆ ಅಳ್ತಾ ಕೂತಿದ್ಯಾ? ಬೂಸ ಒಯ್ಯೋರ್ಗೆಲ್ಲ ಹೇಳು. ಬರೋವಾಗ ಸಗಣಿ ತರ್ಲಿ."

ಮಾರನೆಯ ಬೆಳಗ್ಗೆಯಿಂದ ಬೂಸಕ್ಕೆ ಬರುವ ಟೆಂಪೊಗಳು ಸಗಣಿ ಹೊತ್ತು ಬಂದವು. "ಹಸು ತಿಂದಿದ್ದು ವಾಪಸ್ ತಂದಿದೀವಿ, ತಗಳಿ ಮೇಡಂ" ಎಂದು ತಮಾಷೆ ಮಾಡಿದರು. ನಾನೂ ನಾಗರಾಜೂ ಕಲಸಿ, ಸೋಸಿ ಟ್ಯಾಂಕಿಗೆ ಬಿಟ್ಟೆವು. ಮೈಯೆಲ್ಲ ಸಗಣಿ ನಾತ. ದಿನಾ ಕಡ್ಡಿ ಗೀರುವುದು, ದಿನಾ ಅದು ಆರುವುದು. ಆರಿದಾಗೆಲ್ಲ ನಾಗರಾಜು ಬಾಯೊಳಗೇ ಏನೋ ಹರಕೆ ಹೊರುತ್ತಿದ್ದರು.

ಹಬ್ಬ ಹತ್ತಿರಾದಂತೆ ಅವ್ವನ ಫೋನು. "ಯಾವಾಗ ಬರ್ತಿ? ಪಾಡ್ಯಕ್ಕ ಸಗಣಿ ಪಾಂಡವರನ್ನ ಯಾರು ಮಾಡಬೇಕು? ನಿಮ್ಮ ವೈನಿ ಮಾಡಿದ್ರ ಭೀಮ ಯಾರು, ನಕುಲ ಯಾರು ತಿಳಿಯೂದಿಲ್ಲ." ದೀಪಾವಳಿಯ ಪಾಡ್ಯಕ್ಕೆ ಸಗಣಿಯಿಂದ ಪಾಂಡವರ ಗೊಂಬೆ ಮಾಡಿ ಪೂಜಿಸುವುದು ನಮ್ಮ ಕಡೆಯ ಪದ್ಧತಿ. ಚಿಕ್ಕಂದಿನಿಂದಲೂ, ಅತ್ತಿಗೆ ಮನೆಗೆ ಬಂದ ಮೇಲೂ, ಅದು ನನ್ನ ಪಾಲಿನ ಕೆಲಸ. ಇಲ್ಲಿ ಮೊಣಕೈವರೆಗೂ ಸಗಣಿಯಲ್ಲಿದ್ದೆ, ಒಬ್ಬ ಪಾಂಡವನೂ ಇರಲಿಲ್ಲ. "ಈ ಸಲ ಪಾಂಡವರನ್ನ ವೈನಿನ ಮಾಡ್ಲಿ. ಬರೂದು ಪಾಡ್ಯದ ದಿನ ಮುಂಜಾನೆ ಹೇಳ್ತೀನವ್ವಾ. ಇಲ್ಲಿ ಗ್ಯಾಸ್ ಉರೀಲಿಲ್ಲಂದ್ರ ಗಂಟುಮೂಟೆ ಕಟ್ಟಿ ಬಂದಬಿಡ್ತೀನಿ" ಎಂದೆ. "ಆತು" ಎಂದಳು. ಆ ಒಂದು ಮಾತಿನಲ್ಲಿ ಎಷ್ಟು ಆಸೆಯಿತ್ತು!

ಪಾಡ್ಯದ ಬೆಳಗ್ಗೆ ಮ್ಯಾನೇಜರ್ ಬಂದು ನಿಂತರು. ಜಯಮ್ಮನೂ ಸಗಣಿಯ ಟೆಂಪೊ ಹತ್ತಿ ಬಂದಿದ್ದರು. ಕಡ್ಡಿಯನ್ನು ನಾಗರಾಜೇ ಗೀರಿಕೊಟ್ಟರು. ನಿಜ ಹೇಳುತ್ತೇನೆ, ಆಗ ನನ್ನೊಳಗೆ ಎರಡು ಬೇಡಿಕೆಗಳಿದ್ದವು. ಉರಿಯಲಿ ದೇವರೇ, ಎಂಬುದು ಒಂದು. ಆರಿಬಿಡಲಿ, ಸಂಜೆಯ ಬಸ್ಸಿಗೆ ಊರಿಗೆ ಹೊರಟುಬಿಡುತ್ತೇನೆ, ಎಂಬುದು ಇನ್ನೊಂದು.

ಬಿಸಿಲಿನಲ್ಲಿ ಉರಿ ಕಾಣಲಿಲ್ಲ. ಆರಿತೆಂದೇ ತಿಳಿದೆ. ಜಯಮ್ಮ ಸೆರಗಿನಿಂದ ನೆರಳು ಮಾಡಿ ಬಗ್ಗಿ ನೋಡಿದರು. "ಅಯ್ಯೋ, ಉರೀತಾ ಐತಲ್ಲೇ! ನೀಲಿ ಉರಿ!" ನಾಗರಾಜು ನೆಲಕ್ಕೆ ಕೂತು ಅತ್ತೇಬಿಟ್ಟರು. ಜಯಮ್ಮ ಸಗಣಿ ಕೈಯಲ್ಲೇ ನನ್ನ ಕೆನ್ನೆ ಸವರಿ, "ಇನ್ನೆಲ್ಲೂ ಹೋಗಂಗಿಲ್ಲ ನೀನು" ಎಂದರು.

ನಾನು ಬೇಲಿಯ ಪಕ್ಕಕ್ಕೆ ಹೋಗಿ ಅವ್ವನಿಗೆ ಫೋನು ಮಾಡಿದೆ.

"ಅವ್ವಾ, ಉರೀತು!"



"ಚಲೋ ಆತು ಬಿಡು," ಎಂದಳು ಅವ್ವ. "ಹಂಗಾರ ನೀ ಬರೂದಿಲ್ಲ."