ಚೀಟಿಯ ಮೇಲಿನ ನನ್ನ ಸಹಿ

ನನ್ನ ಅಂಗಡಿಯಲ್ಲಿ ಗಿರಾಕಿಗೆ ಮೊದಲು ತೋರಿಸುವುದು ಬಟ್ಟೆಯ ಹುಳುಕನ್ನು. ಇಲ್ಲಿ ಎಳೆ ಬಿಟ್ಟಿದೆ, ಇಲ್ಲಿ ಬಣ್ಣ ತಿಳಿಯಾಗಿದೆ, ಈ ಜಿಪ್ ಸ್ವಲ್ಪ ಬಿಗಿ. ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರದ ಈ ಗುಂಡಿ, ನೂಲು, ಲೈನಿಂಗ್ ಬಟ್ಟೆಯ ಅಂಗಡಿಗೆ ಬ್ಲೌಸ್ ಹೊಲಿಯುವ ನಮ್ಮ ಹೆಂಗಸರೆಲ್ಲ ಬರುತ್ತಾರೆ. ನಾನು ಬಹಳ ಪ್ರಾಮಾಣಿಕಳು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಈ ಪದ್ಧತಿ ನನ್ನದಲ್ಲ. ಹುಬ್ಬಳ್ಳಿಯ ಬಟ್ಟೆ ವ್ಯಾಪಾರದ ಮನೆಯಲ್ಲಿ ಬೆಳೆದವಳು ನಾನು. ನಮ್ಮಪ್ಪ ಹುಳುಕಿನ ಮಡಿಕೆಯನ್ನು ಒಳಗೆ ಮಾಡಿಯೇ ಬಟ್ಟೆ ಬಿಚ್ಚಿ ತೋರಿಸುತ್ತಿದ್ದರು. ಪದ್ಧತಿ ಆಂಟಿಯದು. ಎರಡು ಸಾವಿರದ ಆಚೀಚೆ, ಗಂಡನ ಚಾಟ್ಸ್‌ವುಡ್ ಕೆಲಸದ ಹಿಂದೆ ಸಿಡ್ನಿಗೆ ಬಂದು, ಮನೆಯಲ್ಲಿ ಕೂತು ಕೂತು ಬೇಸತ್ತು ಈ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಒಡತಿ ಎಂಬತ್ತು ದಾಟಿದ ಇಂಗ್ಲಿಷ್ ಹೆಂಗಸು. ಹೆಸರು ಹಿಡಿದೇ ಕರೆ ಅಂದರು. ನನ್ನ ನಾಲಿಗೆ ಏಳಲಿಲ್ಲ, ಆಂಟಿ ಅಂದೆ. "ಇಲ್ಲಿಗೆ ಬರುವವರೆಲ್ಲ ಆಂಟಿ ಅನ್ನುತ್ತಾರೆ. ನನಗೆ ಇಷ್ಟೊಂದು ಅಣ್ಣತಮ್ಮಂದಿರು ಇದ್ದದ್ದೇ ಗೊತ್ತಿರಲಿಲ್ಲ" ಎಂದು ನಕ್ಕರು.

ಹೀಗೆ ಹುಳುಕು ತೋರಿಸಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನಾನು ಜಗಳವಾಡಿದ ದಿನ ಅವರು ಯುದ್ಧದ ಕಾಲದ ಮಾತು ತೆಗೆದರು. ಇಂಗ್ಲೆಂಡಿನಲ್ಲಿ ಆಗ ಅವರು ಇಪ್ಪತ್ತೆರಡರ ಹುಡುಗಿ. ಕಾರ್ಖಾನೆಯಿಂದ ಹೊರಬಿದ್ದ ವಿಮಾನವನ್ನು ಒಬ್ಬರೇ ಹಾರಿಸಿಕೊಂಡು ಹೋಗಿ ಸೈನ್ಯದವರಿಗೆ ಒಪ್ಪಿಸುವುದು ಕೆಲಸ. ಅವರು ಸೈನಿಕರಲ್ಲ. ಬಂದೂಕಿಲ್ಲ, ವೈರ್‌ಲೆಸ್ ಇಲ್ಲ. ಕೆಳಗಿನ ರೈಲು ಹಳಿ, ಹೊಳೆ ನೋಡಿಕೊಂಡು ದಾರಿ ಹಿಡಿಯಬೇಕು. ಇಳಿದ ಮೇಲೆ ವಿಮಾನದ ದೋಷವೇನಿದ್ದರೂ ಅಲ್ಲಿನ ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಬೇಕು, ಒಪ್ಪಿಸಿದ ಚೀಟಿಗೆ ಸಹಿ ಹಾಕಿಸಿಕೊಂಡು ರೈಲಿನಲ್ಲಿ ಮರಳಬೇಕು. ಒಂದು ಮಧ್ಯಾಹ್ನ ಚಕ್ರ ಇಳಿಸುವ ಹಿಡಿ ಎರಡು ಸಲ ಕಚ್ಚಿಕೊಂಡಿತ್ತು. ರೈಲಿಗೆ ಹೊತ್ತಾಗಿತ್ತು. ಆಂಟಿ ಅದನ್ನು ಮೆಕ್ಯಾನಿಕ್‌ಗೆ ಹೇಳಲಿಲ್ಲ. ಆ ವಿಮಾನ ಏನಾಯಿತು, ಅದನ್ನು ಮುಂದೆ ಹಾರಿಸಿದ ಹುಡುಗ ಏನಾದ, ಅವರಿಗೆ ಕೊನೆಗೂ ತಿಳಿಯಲಿಲ್ಲ.

"ಅರವತ್ತು ವರ್ಷದಿಂದ ಆ ಹುಡುಗನಿಗೆ ಲೈನಿಂಗ್ ಬಟ್ಟೆಯ ಹುಳುಕು ತೋರಿಸುತ್ತಿದ್ದೇನೆ" ಅಂದರು. ಆಮೇಲೆ ನಾನು ಜಗಳ ತೆಗೆಯಲಿಲ್ಲ.

ನಾಲ್ಕನೆಯ ವರ್ಷ ಅವರು ಅಂಗಡಿಯಲ್ಲಿ ಬಿದ್ದರು. ಸ್ಟೂಲ್ ಹತ್ತಿರಲಿಲ್ಲ, ಏನೂ ಎಡವಿರಲಿಲ್ಲ. ನಿಂತಲ್ಲೇ ಕಣ್ಣು ಕತ್ತಲೆಯಾಗಿ ಬಿದ್ದರು. ತಿಂಗಳೊಳಗೆ ಇನ್ನೊಂದು ಸಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಬೈದರು. ಅಷ್ಟರಲ್ಲೇ ಮೆಲ್ಬರ್ನಿನ ವೆರಿಬೀಯಲ್ಲಿದ್ದ ಮಗಳು ಅವರನ್ನು ಕರೆಸಿಕೊಳ್ಳುವ ಮಾತು ಬಂತು. ಮಗಳು ಶಾಲೆಯ ಟೀಚರ್, ಹಗಲೆಲ್ಲ ಮನೆಯಲ್ಲಿರುವುದಿಲ್ಲ. ಅಮ್ಮ ಗಟ್ಟಿಯಾಗಿದ್ದರೆ ನನ್ನ ಮನೆ, ಇಲ್ಲವಾದರೆ ನರ್ಸಿಂಗ್ ಹೋಮ್ ಎಂದು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು.

"ಬಿದ್ದದ್ದು ಅವಳಿಗೆ ಹೇಳಬೇಡ" ಅಂದರು ಆಂಟಿ.

"ದೋಷ ಹೇಳಬೇಕು ಅಂತ ನನಗೆ ಕಲಿಸಿದವರು ನೀವೇ" ಅಂದೆ.

"ನಾನು ವಿಮಾನ ಅಲ್ಲ."

ಮನೆಯಲ್ಲಿ ಗಂಡನನ್ನು ಕೇಳಿದೆ. "ಸುಮ್ನಿರು. ತಾಯಿ ಮಗಳ ನಡುವ ನೀ ಯಾಕ ಹೋಗ್ತಿ? ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು" ಅಂದ. ನನಗೂ ಅಷ್ಟೇ ಬೇಕಾಗಿತ್ತು. ನಿಜ ಹೇಳುತ್ತೇನೆ: ಆಂಟಿ ನನ್ನ ಮೇಲೆ ಸಿಟ್ಟಾಗಿ ಹೋಗುವುದು ನನ್ನಿಂದ ಸಹಿಸಲು ಆಗುತ್ತಿರಲಿಲ್ಲ. ಇಡೀ ಸಿಡ್ನಿಯಲ್ಲಿ ನನ್ನನ್ನು ಬೈಯುವಷ್ಟು ಸಲಿಗೆ ಇದ್ದವರು ಅವರೊಬ್ಬರೇ.

ಅಂಗಡಿಯನ್ನು ನನಗೆ ಬಿಟ್ಟುಕೊಟ್ಟು ಹೊರಟ ಅವರನ್ನು ಮೆಲ್ಬರ್ನಿಗೆ ಕರೆದುಕೊಂಡು ಹೋದವಳೂ ನಾನೇ. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಕೊಟ್ಟೆ. ಮೋಡ ಬಂದಾಗ ಸೀಟಿನ ಕೈ ಹಿಡಿದುಕೊಂಡರು, ಕೆಳಗೆ ರೈಲು ಹಳಿ ಕಂಡಾಗ ಬಿಟ್ಟರು. ಆಮೇಲೆ ಕೈಚೀಲದಿಂದ ಅಂಗಡಿಯ ಬಿಲ್ ಪುಸ್ತಕ ತೆಗೆದು, ಕಾರ್ಬನ್ ಇಟ್ಟು ಬರೆದರು. ಒಪ್ಪಿಸಿದ್ದು: ಒಬ್ಬ ಮುದುಕಿ. ದೋಷ: ಇಲ್ಲ. ಬರೆದದ್ದನ್ನು ನನಗೆ ತೋರಿಸಿ, ಪುಟ್ಟ ಹುಡುಗಿಯ ಹಾಗೆ ನನ್ನ ಮುಖ ನೋಡಿದರು.

ಏರ್‌ಪೋರ್ಟಿನಲ್ಲಿ ಮಗಳು ಕಾಯುತ್ತಿದ್ದಳು. ಚೀಟಿ ನೋಡಿ ನಕ್ಕು ನಕ್ಕು ಸಹಿ ಹಾಕಿದಳು. "ತಂದವಳೂ ಹಾಕಬೇಕು, ಅದು ನಿಯಮ" ಎಂದು ಆಂಟಿ ನನ್ನ ಕೈಗೆ ಪೆನ್ನು ಕೊಟ್ಟರು. ನಾನೂ ಹಾಕಿದೆ. ಮೇಲಿನ ಹಾಳೆ ನನಗೆ, ಕಾರ್ಬನ್ ಪ್ರತಿ ಮಗಳಿಗೆ.

ಆಂಟಿ ಟಾಯ್ಲೆಟ್ಟಿಗೆ ಹೋದಾಗ ಎರಡು ನಿಮಿಷ ನಾವಿಬ್ಬರೇ ಉಳಿದೆವು. ಮಗಳು ಕೇಳಿದಳು, "ಅಮ್ಮ ನಿಜವಾಗಿ ಚೆನ್ನಾಗಿದ್ದಾರೆ ಅಲ್ಲವಾ?" ಬಾಯಿ ತೆರೆದೆ. ನಿಮ್ಮ ಮೆಲ್ಬರ್ನಿನಲ್ಲಿ ಬಹಳ ಚಳಿ, ಅವರಿಗೆ ದಪ್ಪ ಸ್ವೆಟರ್ ಬೇಕು ಅಂದೆ.

ನಾಲ್ಕು ತಿಂಗಳು ವಾರಕ್ಕೊಮ್ಮೆ ಆಂಟಿ ಫೋನ್ ಮಾಡಿ, ಹುಕ್ಕು ಯಾವ ಡಬ್ಬಿಯಲ್ಲಿ ಇಟ್ಟೆ, ಕಿಟಕಿ ಒರೆಸಿದೆಯಾ ಎಂದು ಬೈಯುತ್ತಿದ್ದರು. ಐದನೆಯ ತಿಂಗಳು ಮಗಳ ಫೋನ್ ಬಂತು. ಬೆಳಿಗ್ಗೆ ಅವಳು ಶಾಲೆಗೆ ಹೋದ ಮೇಲೆ ಆಂಟಿ ಬಚ್ಚಲಲ್ಲಿ ಬಿದ್ದಿದ್ದರು. ಅವಳು ಬಂದದ್ದು ನಾಲ್ಕು ಗಂಟೆಗೆ. ಅಷ್ಟು ಹೊತ್ತು ಜೀವ ಇತ್ತೋ ಇಲ್ಲವೋ ಡಾಕ್ಟರಿಗೂ ಖಚಿತವಾಗಿ ಹೇಳಲಾಗಲಿಲ್ಲ. ನಾನು ಅಂಗಡಿಯ ನೆಲದ ಮೇಲೆ ಕೂತು ಅತ್ತೆ. ಅವಳೂ ಅತ್ತಳು.

ಆಮೇಲೆ ಕೇಳಿದಳು, "ಅಲ್ಲಿ ಯಾವಾಗಲಾದರೂ ಹೀಗೆ ಬಿದ್ದಿದ್ದರಾ?"

ಆಗಲೂ ಇಲ್ಲ ಅನ್ನಬಹುದಿತ್ತು. ಆಂಟಿಗೆ ಆ ಹುಡುಗನ ವಿಷಯ ಜೀವಮಾನವಿಡೀ ತಿಳಿಯಲಿಲ್ಲ. ನಾನು ಮುಚ್ಚಿಟ್ಟದ್ದರಿಂದ ಏನಾಯಿತು ಎಂದು ನನಗೆ ಐದೇ ತಿಂಗಳಲ್ಲಿ ತಿಳಿಯಿತು.

"ಎರಡು ಸಲ" ಅಂದೆ.

ಆ ಕಡೆಯಿಂದ ಡ್ರಾಯರ್ ಎಳೆದ ಸದ್ದು, ಕಾಗದದ ಸದ್ದು ಕೇಳಿಸಿತು.

"ನಿಮ್ಮ ಸಹಿ ಇದೆ ಇದರಲ್ಲಿ" ಎಂದು ಹೇಳಿ ಅವಳು ಫೋನ್ ಇಟ್ಟಳು.